ಬಸ್ ಪಾರ್ಸೆಲ್‌ನಲ್ಲಿ ಬಂದ ಕಡಕ್‌ನಾಥ್ ಮೊಟ್ಟೆ: 30ರಲ್ಲಿ 6 ಮರಿ, ಎರಡು ಸೊರಗಿವೆ, ಎರಡು ಕುಕ್ಕಿ ನಿಂತಿವೆ

ತೀರ್ಥಹಳ್ಳಿ_ನಾಟಿ | ಬೆಳಗ್ಗೆ 6:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ದಯವಿಟ್ಟು ತಿಳಿದವರು ಹೇಳಿ.

ಉತ್ತರ ಕರ್ನಾಟಕದ ಒಂದು ಫಾರ್ಮಿನಿಂದ 30 ಕಡಕ್‌ನಾಥ್ (ಕಪ್ಪು ಕೋಳಿ ತಳಿ) ಮೊಟ್ಟೆ ತರಿಸಿದ್ದು. ಎರಡು ಬಸ್ಸು ಬದಲಾಗಿ, ಸುಮಾರು 26 ಗಂಟೆ ಪ್ರಯಾಣ. ರಾತ್ರಿ ಬಂದವು, ಆಗಲೇ ಇನ್‌ಕ್ಯುಬೇಟರ್‌ಗೆ (ಕಾವು ಕೊಡುವ ಪೆಟ್ಟಿಗೆಗೆ) ಅಡ್ಡ ಮಲಗಿಸಿ ಇಟ್ಟೆ. ಥರ್ಮಾಕೋಲ್ ಪೆಟ್ಟಿಗೆ, 60 ವ್ಯಾಟ್‌ನ ಎರಡು ಬಲ್ಬ್, ಕಂಪ್ಯೂಟರ್ ಫ್ಯಾನ್, ಬಿಸಿ ಹತೋಟಿಗೆ ಡಬ್ಲ್ಯೂ1209 ಕಂಟ್ರೋಲರ್. 37.5 ಡಿಗ್ರಿಗೆ ಸೆಟ್ ಮಾಡಿದೆ, 35.5ರಿಂದ 37.5ರ ನಡುವೆ ಓಡುತ್ತಿರುತ್ತೆ. ನೀರಿನ ತಟ್ಟೆ ಮೊದಲ ದಿನದಿಂದ ತುಂಬಿಯೇ ಇತ್ತು, ತೇವಾಂಶ 60ರಿಂದ 65%. ದಿನಕ್ಕೆ ಮೂರು ಸಲ ಕೈಯಲ್ಲಿ ಹೊರಳಿಸಿದ್ದು.

7ನೇ ದಿನ ಟಾರ್ಚ್ ಹಿಡಿದಾಗ 9 ಖಾಲಿ, 4ರಲ್ಲಿ ರಕ್ತದ ಉಂಗುರ (ಭ್ರೂಣ ಸತ್ತ ಗುರುತು). 18ನೇ ದಿನಕ್ಕೆ 13 ಜೀವಂತ. ನಿನ್ನೆ ರಾತ್ರಿಯಿಂದ ಈಚೆಗೆ, ಅಂದರೆ 22ನೇ ದಿನ, 6 ಮರಿ ಹೊರಗೆ ಬಂದಿವೆ. ನಾಲ್ಕು ಚುರುಕಾಗಿವೆ. ಒಂದಕ್ಕೆ ಕಾಲು ಎರಡೂ ಕಡೆ ಜಾರಿ ನಿಲ್ಲಲು ಆಗುತ್ತಿಲ್ಲ. ಇನ್ನೊಂದರ ಹೊಟ್ಟೆ ಉಬ್ಬಿದೆ, ಹೊಕ್ಕುಳು ಮುಚ್ಚಿಲ್ಲ, ಹಳದಿ ಸ್ವಲ್ಪ ಕಾಣುತ್ತೆ. ಎರಡು ಮೊಟ್ಟೆ ನಿನ್ನೆ ಸಂಜೆ ನಾಲ್ಕಕ್ಕೆ ಕುಕ್ಕಿ ತೂತು ಮಾಡಿ ಹಾಗೇ ನಿಂತಿವೆ, ಅದರಲ್ಲಿ ಒಂದು ಚೂಪು ತುದಿಯಲ್ಲಿ ಕುಕ್ಕಿದೆ. ಉಳಿದ ಐದರಲ್ಲಿ ಸದ್ದಿಲ್ಲ.

ಚಿಪ್ಪು ಬಿಡಿಸಿಬಿಡಲಾ? ಸೊರಗಿದ ಮರಿಗಳಿಗೆ ಏನು ಮಾಡಲಿ? ತಪ್ಪು ಎಲ್ಲಾಯಿತು?

---

ಕಾವುಬುಟ್ಟಿ | ಬೆಳಗ್ಗೆ 7:05

ಬಿಡಿಸಬೇಡಿ ಸರ್. ಕುಕ್ಕಿ ಇನ್ನೂ 15 ಗಂಟೆ ಆಗಿದೆ ಅಷ್ಟೆ. ತೂತು ಮಾಡಿದ ಮೇಲೆ 24 ಗಂಟೆಯವರೆಗೆ ಮರಿ ಸುಮ್ಮನಿರುವುದು ಸಹಜ. ಆ ಹೊತ್ತಿನಲ್ಲಿ ಅದು ಎರಡು ಕೆಲಸ ಮಾಡುತ್ತಿರುತ್ತೆ: ಚಿಪ್ಪಿನ ಒಳಪೊರೆಯಲ್ಲಿ ಹರಡಿರುವ ರಕ್ತವನ್ನು ಮೈಗೆ ಎಳೆದುಕೊಳ್ಳುವುದು, ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುವುದು. ಈಗ ಪೊರೆ ಹರಿದರೆ ರಕ್ತ ಸೋರಿ ಸಾಯುತ್ತೆ.

ಅಗಲ ತುದಿಯಲ್ಲಿ ಕುಕ್ಕಿದ್ದನ್ನು ಸಂಜೆ ನಾಲ್ಕರವರೆಗೆ ಮುಟ್ಟಬೇಡಿ. ಚೂಪು ತುದಿಯದ್ದು ಬೇರೆ ವಿಷಯ. ತಲೆ ಗಾಳಿ ಕೋಶದ (ಅಗಲ ತುದಿಯೊಳಗಿನ ಗಾಳಿಯ ಜಾಗದ) ಕಡೆ ಇಲ್ಲದೆ ತಲೆಕೆಳಗಾಗಿದೆ. ಇಂಥವು ತಾವಾಗಿಯೇ ಬರುವುದೂ ಉಂಟು, ಆದರೆ ತಿರುಗಿ ಚಿಪ್ಪು ಕತ್ತರಿಸಲು ಜಾಗ ಕಡಿಮೆ. ತೂತಿನಲ್ಲಿ ಕೊಕ್ಕು ಕಾಣುತ್ತಾ, ಉಸಿರಾಟಕ್ಕೆ ಪೊರೆ ಅಲುಗುತ್ತಾ ಅಂತ ಮುಚ್ಚಳ ತೆಗೆಯದೆ ಗಾಜಿನಿಂದಲೇ ನೋಡಿ. ಕೊಕ್ಕಿನ ಮುಂದೆ ಪೊರೆ ಒಣಗಿ ಮುಚ್ಚಿಕೊಂಡಿದ್ದರೆ ಮಾತ್ರ ಒಂದು ಕಡಲೆಕಾಳಿನಷ್ಟು ಗಾಳಿದಾರಿ ಮಾಡಿ ತಿರುಗಿ ಇಟ್ಟುಬಿಡಿ.

24 ಗಂಟೆ ದಾಟಿಯೂ ಮುಂದುವರಿಯದಿದ್ದರೆ ಸಹಾಯ ಮಾಡುವ ಕ್ರಮ ಹೀಗೆ. ಕೋಣೆಯ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಕೈ ಸೋಪಿನಲ್ಲಿ ತೊಳೆದು, ಚಿಮುಟ, ಕಿವಿಗೆ ಹಾಕುವ ಹತ್ತಿಕಡ್ಡಿ, ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ, ಟಾರ್ಚ್ ಹತ್ತಿರ ಇಟ್ಟುಕೊಳ್ಳಿ. ತೂತಿನ ಸುತ್ತ ಚಿಪ್ಪು ಮಾತ್ರ, ಒಂದು ಸೆಂಟಿಮೀಟರಿನಷ್ಟು, ಚೂರು ಚೂರಾಗಿ ಎಬ್ಬಿಸಿ. ಒಳಗಿನ ಬಿಳಿ ಪೊರೆ ಹಾಗೇ ಇರಲಿ. ಅದರ ಮೇಲೆ ಹತ್ತಿಕಡ್ಡಿಯಿಂದ ಎಣ್ಣೆ ಸವರಿದರೆ ಪೊರೆ ಪಾರದರ್ಶಕವಾಗಿ ರಕ್ತನಾಳ ಕಾಣುತ್ತೆ. ಎಣ್ಣೆ ಮೂಗಿನ ಹೊಳ್ಳೆಗೆ ಹೋಗಬಾರದು. ಕೆಂಪಗೆ ದಪ್ಪ ನಾಳ ಕಂಡರೆ ಅಲ್ಲಿಗೇ ನಿಲ್ಲಿಸಿ, ಒಳಗಿಟ್ಟು 4ರಿಂದ 6 ಗಂಟೆ ಬಿಟ್ಟು ನೋಡಿ. ಮರಿ ಬಾಯಿ ಅಗಿಯುವ ಹಾಗೆ ಆಡಿಸುತ್ತಿದ್ದರೂ ಕಾಯಿರಿ, ಅದಕ್ಕಿನ್ನೂ ಕೆಲಸ ಮುಗಿದಿಲ್ಲ ಅಂತ ಅರ್ಥ. ನಾಳಗಳು ಬತ್ತಿ ಪೊರೆ ಬರೀ ಬಿಳಿ ಇದ್ದರೆ ಅಗಲ ತುದಿಯ ಟೋಪಿಯಷ್ಟು ಚಿಪ್ಪು ತೆಗೆದು, ರೆಕ್ಕೆಯ ಕೆಳಗೆ ಸಿಕ್ಕಿಕೊಂಡ ತಲೆಯನ್ನು ಮೆಲ್ಲಗೆ ಹೊರಗೆ ತನ್ನಿ. ಕೆಳಗಿನ ಅರ್ಧ ಚಿಪ್ಪು ಬಿಡಿ. ಅದನ್ನು ಮರಿಯೇ ಒದ್ದು ಬರಬೇಕು. ಹೊಕ್ಕುಳು ಇರುವುದು ಅಲ್ಲಿ.

ಎಲ್ಲಕ್ಕಿಂತ ಹೆಚ್ಚು ಮರಿ ಹೋಗುವುದು ಮುಚ್ಚಳ ಪದೇಪದೇ ತೆರೆಯುವುದರಿಂದ. ಒಂದು ಸಲ ತೆರೆದರೆ ಬಿಸಿ ತೇವದ ಗಾಳಿ ಪೂರ್ತಿ ಹೋಗಿ ಪೊರೆ ಒಣಗಿ ಮರಿಯ ಮೈಗೆ ಅಂಟುತ್ತೆ. ಹುಟ್ಟಿದ ಮರಿಗಳಿಗೆ ಅವಸರ ಬೇಡ, ಹೊಟ್ಟೆಯಲ್ಲಿರುವ ಹಳದಿಯ ಮೇಲೆ 48 ಗಂಟೆ ಆರಾಮಾಗಿ ಇರುತ್ತವೆ. ಈಗ ಒಂದೇ ಸಲ ತೆರೆದು ನಾಲ್ಕು ಚುರುಕಾದ ಮರಿ ಮತ್ತು ಕಾಲು ಜಾರಿದ ಮರಿ ತೆಗೆಯಿರಿ, ಬಿಸಿನೀರಿನಲ್ಲಿ ಹಿಂಡಿದ ಒಂದು ಬಟ್ಟೆ ಒಳಗಿಡಿ, ಮುಚ್ಚಿ. ಹೊಕ್ಕುಳು ತೆರೆದ ಮರಿ ಒಳಗೇ ಇರಲಿ, ಉಳಿದವು ಕುಕ್ಕದ ಹಾಗೆ ಅದರ ಮೇಲೆ ಪ್ಲಾಸ್ಟಿಕ್ ಜರಡಿ ಬೋರಲು ಹಾಕಿ.

---

ತೇವಮಾಪಕ | ಬೆಳಗ್ಗೆ 8:30

ತಪ್ಪು ಎಲ್ಲಾಯಿತು ಅಂತ ಕೇಳಿದ್ದೀರಿ. ಬಸ್ಸಿನದ್ದು ಒಂದು ಪಾಲು, ಪೆಟ್ಟಿಗೆಯದ್ದು ಎರಡು ಪಾಲು.

ಮೊದಲು ಕಂಟ್ರೋಲರ್. ಡಬ್ಲ್ಯೂ1209 ಅಂಗಡಿಯಿಂದ ಬರುವಾಗ ಪಿ1 ಸೆಟ್ಟಿಂಗ್ 2 ಡಿಗ್ರಿ ಇರುತ್ತೆ. ಅಂದರೆ 37.5ಕ್ಕೆ ಬಲ್ಬ್ ಆರಿ, 35.5ಕ್ಕೆ ಇಳಿದ ಮೇಲೆ ಹೊತ್ತುತ್ತೆ. ನಿಮ್ಮ ಮೊಟ್ಟೆಗಳಿಗೆ ಸಿಕ್ಕಿದ್ದು ಸರಾಸರಿ 36.5. ಒಂದು ಡಿಗ್ರಿ ಕಡಿಮೆ ಕಾವು ಮೂರು ವಾರ ನಡೆದರೆ ಮರಿ ತಡವಾಗಿ ಬರುತ್ತೆ, ಹೊಟ್ಟೆ ದೊಡ್ಡದಾಗಿ ಮೆತ್ತಗಿರುತ್ತೆ, ಹೊಕ್ಕುಳು ಮುಚ್ಚಿರಲ್ಲ. ನೀವು ಬರೆದಿರುವುದೂ ಅದೇ. ಸೆಟ್ ಬಟನ್ ಒತ್ತಿ ಹಿಡಿದು ಪಿ1ಗೆ ಹೋಗಿ 0.2 ಮಾಡಿ. ಸೆನ್ಸರ್ ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ, ಬಲ್ಬಿನ ನೇರ ಬಿಸಿ ತಾಗದ ಕಡೆ ಇರಲಿ. ಜ್ವರ ನೋಡುವ ಥರ್ಮಾಮೀಟರನ್ನು ಸೆನ್ಸರಿನ ಪಕ್ಕ ಇಟ್ಟು ತಾಳೆ ನೋಡಿ. 35ರಿಂದ 42ರ ನಡುವೆ ಅದಕ್ಕಿಂತ ನಂಬಿಕೆಯ ಅಳತೆ ಮನೆಯಲ್ಲಿ ಇನ್ನೊಂದಿಲ್ಲ. ವ್ಯತ್ಯಾಸ ಬಂದರೆ ಪಿ4ರಲ್ಲಿ ಸರಿಪಡಿಸಬಹುದು. ಫ್ಯಾನ್ ಇರುವ ಪೆಟ್ಟಿಗೆಗೆ 37.5ರಿಂದ 37.7 ಸಾಕು. ಬಲ್ಬ್ ಎರಡಿರುವುದು ಒಳ್ಳೆಯದೇ, ಒಂದು ಸುಟ್ಟರೂ ಇನ್ನೊಂದು ಕಾಯುತ್ತೆ.

ಎರಡನೆಯದು ನೀರು. ಮಳೆಗಾಲದ ಮಲೆನಾಡಿನಲ್ಲಿ ನೀರಿನ ತಟ್ಟೆ ತುಂಬಿಡುವುದು ದೊಡ್ಡ ತಪ್ಪು. ಲೆಕ್ಕ ಮಾಡಿ: ಹೊರಗಿನ ಗಾಳಿ 24 ಡಿಗ್ರಿ, ತೇವಾಂಶ 90% ಇದ್ದರೆ, ಅದೇ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಬಿಸಿಯಾದಾಗ ತೇವಾಂಶ ಸುಮಾರು 42%ಕ್ಕೆ ಇಳಿಯುತ್ತೆ. ಮೊಟ್ಟೆಗಳೂ ಸ್ವಲ್ಪ ತೇವ ಬಿಡುತ್ತವೆ. ಅಂದರೆ ಒಂದು ಹನಿ ನೀರು ಇಡದೆಯೇ ಮೊದಲ 18 ದಿನಕ್ಕೆ ಬೇಕಾದ ಮಟ್ಟ ಹತ್ತಿರ ಹತ್ತಿರ ಸಿಕ್ಕಿತು. ಅದೇ ಬೆಂಗಳೂರಿನ ಜನವರಿಯಲ್ಲಿ 20 ಡಿಗ್ರಿ, 50% ಗಾಳಿ ಒಳಗೆ ಹೋದರೆ 18% ಆಗುತ್ತೆ. ಅಲ್ಲಿ ನೀರಿಡದಿದ್ದರೆ ಮೊಟ್ಟೆ ಒಣಗುತ್ತೆ. ರಾಯಚೂರಿನ ಏಪ್ರಿಲ್ ಇನ್ನೂ ಬೇರೆ. ಕೋಣೆಯೇ 38 ದಾಟಿದರೆ ಪೆಟ್ಟಿಗೆಗೆ ತಂಪು ಮಾಡುವ ದಾರಿಯಿಲ್ಲ. ಆದ್ದರಿಂದ ಯಾರೋ ಹೇಳಿದ ತೇವಾಂಶದ ಸಂಖ್ಯೆ ಹಿಡಿದು ಕೂರಬೇಡಿ, ತೂಕ ನೋಡಿ.

ಮೊಟ್ಟೆ 18 ದಿನದಲ್ಲಿ ತನ್ನ ತೂಕದ 11ರಿಂದ 14% ನೀರು ಕಳೆದುಕೊಳ್ಳಬೇಕು. ಆ ಜಾಗದಲ್ಲೇ ಗಾಳಿ ಕೋಶ ಬೆಳೆಯುವುದು, ಅದರಲ್ಲೇ ಮರಿ ಮೊದಲ ಉಸಿರು ತೆಗೆದುಕೊಳ್ಳುವುದು. ನೀರು ಕಳೆಯದಿದ್ದರೆ ಮರಿ ಊದಿಕೊಂಡು, ತಿರುಗಲು ಜಾಗವಿಲ್ಲದೆ, ಚಿಪ್ಪಿನೊಳಗೇ ಮುಳುಗುತ್ತೆ. ಸದ್ದಿಲ್ಲದ ಐದರಲ್ಲಿ ಕೆಲವು ಹೀಗೇ ಹೋಗಿರಬಹುದು. ಕಡಕ್‌ನಾಥ್ ಮೊಟ್ಟೆ 45 ಗ್ರಾಂ ಅಂತಿಟ್ಟುಕೊಂಡರೆ 30 ಮೊಟ್ಟೆಗೆ 1350 ಗ್ರಾಂ. 12% ಗುರಿಯಾದರೆ 7ನೇ ದಿನಕ್ಕೆ 1287, 18ನೇ ದಿನಕ್ಕೆ 1188 ಆಗಬೇಕು. ಖಾಲಿ ಮೊಟ್ಟೆ ತೆಗೆದಾಗ ಅವುಗಳ ಮೊದಲ ದಿನದ ತೂಕವನ್ನೂ ಲೆಕ್ಕದಿಂದ ಕಳೆಯಬೇಕು, ಹಾಗಾಗಿ ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತೂಕ ಬರೆದಿಡಿ. ಮಾರ್ಕರ್ ಪೆನ್ ಬೇಡ. ತೂಕ ಇಳಿಯುವುದು ನಿಧಾನವಾದರೆ ನೀರು ತೆಗೆದು ಗಾಳಿಯ ತೂತು ದೊಡ್ಡದು ಮಾಡಿ, ಬೇಗ ಇಳಿದರೆ ತಟ್ಟೆ ಇಡಿ. ತಟ್ಟೆಯ ಆಳ ಮುಖ್ಯವಲ್ಲ, ಬಾಯಿಯ ಅಗಲ ಮುಖ್ಯ. 18ನೇ ದಿನದಿಂದ ಮಾತ್ರ 65ರಿಂದ 70% ಬೇಕು.

ತೇವಮಾಪಕವನ್ನೂ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಷ್ಟು ಒದ್ದೆ ಮಾಡಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿ 10–12 ಗಂಟೆ ಮುಚ್ಚಿಡಿ. 75% ತೋರಿಸಬೇಕು. 82 ತೋರಿಸಿದರೆ ಮುಂದೆ ಓದುವಾಗ 7 ಕಳೆಯಿರಿ.

---

ಕಾವುಬುಟ್ಟಿ | ಬೆಳಗ್ಗೆ 9:10

ತೂಕದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಬಸ್ಸಿನ ಪಾಲನ್ನು ನಾನು ಹೇಳುತ್ತೇನೆ.

ದಾರಿಯ ಕುಲುಕಾಟಕ್ಕೆ ಅಗಲ ತುದಿಯ ಎರಡು ಪೊರೆಗಳು ಬಿಟ್ಟುಕೊಂಡು ಗಾಳಿ ಕೋಶ ಸಡಿಲವಾಗುತ್ತೆ. ಟಾರ್ಚ್ ಹಿಡಿದು ಮೊಟ್ಟೆ ಓರೆ ಮಾಡಿದರೆ ನೀರಿನ ಮಟ್ಟದ ಹಾಗೆ ಗುಳ್ಳೆ ಜಾರುವುದು ಕಾಣುತ್ತೆ. ಅಂಥದ್ದನ್ನು ಅಡ್ಡ ಮಲಗಿಸಿ ಹೊರಳಿಸಿದರೆ ಗಾಳಿ ಪಕ್ಕಕ್ಕೆ ಸರಿದು ಕುದುರೆ ಜೀನಿನ ಆಕಾರ ಆಗುತ್ತೆ. ಮರಿಗೆ ತಲೆ ಎತ್ತ ಇಡಬೇಕೆಂದು ತಿಳಿಯದೆ ಚೂಪು ತುದಿಯಲ್ಲಿ ಕುಕ್ಕುವುದು ಹೀಗೇ.

ಪಾರ್ಸೆಲ್ ಬಂದ ತಕ್ಷಣ ಬಿಚ್ಚಿ, ಬಿರುಕು ಬಿಟ್ಟವನ್ನು ತೆಗೆದು, ಉಳಿದವನ್ನು ಕಾಗದದ ಟ್ರೇಯಲ್ಲಿ ಅಗಲ ತುದಿ ಮೇಲೆ ಮಾಡಿ ತಂಪು ಕೋಣೆಯಲ್ಲಿ 24 ಗಂಟೆ ಅಲುಗಾಡಿಸದೆ ಬಿಡಬೇಕು. ಫ್ರಿಜ್ ಬೇಡ, ಅದು ತೀರಾ ತಣ್ಣಗೆ. ಹೊರಗೆ ತೆಗೆದಾಗ ಮೊಟ್ಟೆ ಬೆವರಿದರೆ ಆ ನೀರಿನ ಜೊತೆ ಕೊಳಕು ಚಿಪ್ಪಿನ ರಂಧ್ರಕ್ಕೆ ಇಳಿಯುತ್ತೆ. ತೊಳೆಯುವುದೂ ಬೇಡ. ಆಮೇಲೆ ಅದೇ ಟ್ರೇಯನ್ನೇ ಪೆಟ್ಟಿಗೆಯಲ್ಲಿಟ್ಟು, ಮೊಟ್ಟೆ ನಿಂತಂತೆಯೇ ಕಾವು ಶುರು. ಗಾಳಿ ಕೋಶ ಗಟ್ಟಿ ಇದ್ದವಕ್ಕೆ ಮೊದಲ ದಿನದಿಂದಲೇ ಟ್ರೇಯ ಒಂದು ಬದಿಗೆ ಮರದ ತುಂಡು ಕೊಟ್ಟು 45 ಡಿಗ್ರಿ ಓರೆ ಮಾಡಿ, ದಿನಕ್ಕೆ ಮೂರು ಅಥವಾ ಐದು ಸಲ ಬದಿ ಬದಲಿಸಿ. ಸಡಿಲ ಇದ್ದವನ್ನು 3 ದಿನ ಅಲುಗಿಸದೆ ಬಿಟ್ಟು, ಆಮೇಲೆ ಓರೆ ಮಾಡಿ.

---

ಹಿತ್ತಲಕೋಳಿ | ಬೆಳಗ್ಗೆ 9:45

ಮೂರು ದಿನ ಸಾಲದು ಅಣ್ಣ, 5 ದಿನ ಬಿಡಬೇಕು. ಎಲ್ಲಾ ಕಡೆ ಹಾಗೇ ಹೇಳ್ತಾರೆ.

---

ಕಾವುಬುಟ್ಟಿ | ಬೆಳಗ್ಗೆ 10:00

ಹೇಳುತ್ತಾರೆ, ಆದರೆ ಎಲ್ಲಕ್ಕೂ ಒಂದೇ ನಿಯಮ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹೊರಳಿಸುವುದರ ಅಗತ್ಯ ಅತಿ ಹೆಚ್ಚು ಇರುವುದೇ ಮೊದಲ ವಾರದಲ್ಲಿ. ಅಲುಗಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟುತ್ತೆ, ರಕ್ತನಾಳಗಳ ಬಲೆ ಸರಿಯಾಗಿ ಹರಡಲ್ಲ. ಗಾಳಿ ಕೋಶ ನೋಡಿ ತೀರ್ಮಾನ ಮಾಡಿ: 3ನೇ ದಿನ ಗುಳ್ಳೆ ಇನ್ನೂ ಜಾರುತ್ತಿದ್ದರೆ ಇನ್ನೊಂದು ದಿನ, ಹೆಚ್ಚೆಂದರೆ ಎರಡು ದಿನ. ನಿಂತಿದ್ದರೆ ತಡ ಮಾಡಬೇಡಿ.

---

ಪಶುಆರೈಕೆ | ಬೆಳಗ್ಗೆ 11:20

ಸೊರಗಿದ ಮರಿಗಳ ಬಗ್ಗೆ.

ಹೊಕ್ಕುಳು ತೆರೆದ ಮರಿ: ಹಳದಿಯನ್ನು ಒಳಗೆ ತಳ್ಳಬೇಡಿ, ದಾರದ ಹಾಗೆ ನೇತಾಡುವುದನ್ನು ಎಳೆಯಬೇಡಿ, ಕತ್ತರಿಸಬೇಡಿ. ಹತ್ತಿಕಡ್ಡಿಯಿಂದ ಪೊವಿಡೋನ್ ಅಯೋಡಿನ್ ದ್ರಾವಣ ಒಂದು ಹನಿ ಮುಟ್ಟಿಸಿ. ಕುದಿಸಿ ಹಿಂಡಿದ ಮೆತ್ತನೆಯ ಬಟ್ಟೆಯ ಮೇಲೆ ಇನ್‌ಕ್ಯುಬೇಟರಿನೊಳಗೇ 24 ಗಂಟೆ, ಬೇಕಾದರೆ 36 ಗಂಟೆ ಇಡಿ. ಒಣ ಬಟ್ಟೆಯಾದರೆ ಹಳದಿಗೆ ಅಂಟಿಕೊಂಡು ಮರಿ ಎದ್ದಾಗ ಹರಿಯುತ್ತೆ. ಹೊಕ್ಕುಳು ಮುಚ್ಚುವವರೆಗೆ ಮೇವು ಬೇಡ. ಕಡಕ್‌ನಾಥ್ ಮರಿಗೆ ಚರ್ಮವೇ ಕಪ್ಪು, ಹೊಕ್ಕುಳಿನ ಸುತ್ತ ಕಪ್ಪಗಿದೆ ಅಂತ ಕೊಳೆತಿದೆ ಎಂದುಕೊಳ್ಳಬೇಡಿ. ವಾಸನೆ ನೋಡಿ. ಕೆಟ್ಟ ವಾಸನೆ, ಒದ್ದೆ ಹೊಟ್ಟೆ, ಮರಿ ಮಂಕು, ಈ ಮೂರೂ ಸೇರಿದರೆ ಹೊಕ್ಕುಳಿನ ಸೋಂಕು. ಆ ಮರಿ ಉಳಿಯುವುದು ಅಪರೂಪ, ಉಳಿದವುಗಳಿಂದ ತಕ್ಷಣ ಬೇರ್ಪಡಿಸಿ. ಮನೆಯಲ್ಲಿರುವ ಆಂಟಿಬಯೋಟಿಕ್ ಪುಡಿಯನ್ನು ಅಂದಾಜಿನ ಮೇಲೆ ಎಲ್ಲಾ ಮರಿಗಳ ನೀರಿಗೆ ಹಾಕಬೇಡಿ, ಡಾಕ್ಟರಿಗೆ ತೋರಿಸಿ.

ಕಾಲು ಜಾರಿದ ಮರಿ: ಇವತ್ತೇ ಕಟ್ಟಿ. ಮೊದಲ ಎರಡು ದಿನದಲ್ಲಿ ಮೂಳೆ, ಸ್ನಾಯು ಮೆತ್ತಗಿರುತ್ತವೆ, ವಾರ ಕಳೆದರೆ ಸರಿಹೋಗುವುದು ಕಷ್ಟ. ಬ್ಯಾಂಡ್ ಏಡ್ ಪಟ್ಟಿಯನ್ನು ಉದ್ದಕ್ಕೆ ಸೀಳಿದರೆ 5–6 ಮಿಲಿಮೀಟರ್ ಅಗಲದ ಪಟ್ಟಿ ಸಿಗುತ್ತೆ. ಹತ್ತಿಯ ಭಾಗ ಎರಡು ಕಾಲಿನ ನಡುವೆ ಬರಲಿ, ಅಂಟು ತುದಿಗಳನ್ನು ಪಾದಕ್ಕಿಂತ ಮೇಲೆ, ಮೊಣಕಾಲಿಗಿಂತ ಕೆಳಗೆ ಸುತ್ತಿ ಅದಕ್ಕೇ ಅಂಟಿಸಿ. ಎರಡು ಕಾಲಿನ ನಡುವೆ 2ರಿಂದ 2.5 ಸೆಂಟಿಮೀಟರ್, ಅಂದರೆ ಮರಿ ಸಹಜವಾಗಿ ನಿಂತಾಗ ಇರುವಷ್ಟು. ಬಿಗಿಯಾದರೆ ಬೆರಳು ಊದುತ್ತೆ, ದಿನಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಕಟ್ಟಿ. ಎರಡು ಮೂರು ದಿನ ಸಾಕಾಗುತ್ತೆ. ನೆಲ ನ್ಯೂಸ್‌ಪೇಪರ್ ಆಗಿರಬಾರದು, ಜಾರುವುದೇ ಅಲ್ಲಿ. ಒಗೆದ ಗೋಣಿಚೀಲ ಅಥವಾ ದಪ್ಪ ಟವೆಲ್ ಹಾಸಿ. ಇನ್‌ಕ್ಯುಬೇಟರಿನ ತಳದಲ್ಲೂ 18ನೇ ದಿನವೇ ಬಟ್ಟೆ ಇಲ್ಲವೆ ಒರಟು ಮ್ಯಾಟ್ ಹಾಕಿದರೆ ಈ ತೊಂದರೆ ಬಹುಪಾಲು ಬರುವುದೇ ಇಲ್ಲ. ಕಟ್ಟಿದ ಮರಿಯನ್ನು ದಿನಕ್ಕೆ ನಾಲ್ಕೈದು ಸಲ, ಅರ್ಧ ಗಂಟೆ, ಟಿಶ್ಯೂ ಹಾಸಿದ ಟೀ ಲೋಟದಲ್ಲಿ ಕಾಲು ಕೆಳಗೆ ಮಡಚಿ ಕೂರಿಸಿದರೆ ಕಾಲು ಮೈಯಡಿ ನಿಲ್ಲುವುದನ್ನು ಬೇಗ ಕಲಿಯುತ್ತೆ.

ನೀರು: 1 ಲೀಟರ್ ಕುದಿಸಿ ಆರಿಸಿದ ನೀರಿಗೆ 20ರಿಂದ 30 ಗ್ರಾಂ ಬೆಲ್ಲ, ಮೊದಲ ದಿನಕ್ಕೆ ಮಾತ್ರ. ಆರು ಗಂಟೆಗೊಮ್ಮೆ ಹೊಸದು ಮಾಡಿ, ಹುಳಿಯಾದರೆ ಭೇದಿ. ಬಲವಿಲ್ಲದ ಮರಿಗೆ ಕೊಕ್ಕಿನ ಪಕ್ಕಕ್ಕೆ ಒಂದು ಹನಿ ತಾಗಿಸಿ, ಅದೇ ಚೀಪಿಕೊಳ್ಳಲಿ. ಡ್ರಾಪರ್ ಬಾಯೊಳಗೆ ಇಟ್ಟು ಹಿಂಡಿದರೆ ನೀರು ಶ್ವಾಸಕ್ಕೆ ಹೋಗಿ ಅಲ್ಲೇ ಸಾಯುತ್ತೆ. ನೀರಿನ ತಟ್ಟೆಯಲ್ಲಿ ಗೋಲಿ ಅಥವಾ ತೊಳೆದ ಬೆಣಚುಕಲ್ಲು ತುಂಬಿಡಿ. ಮರಿಗಳು ಮೈ ಒದ್ದೆ ಮಾಡಿಕೊಂಡರೆ ಚಳಿಗೆ ಹೋಗುತ್ತವೆ. ಆಮೇಲೆ ಚಿಕ್ ಸ್ಟಾರ್ಟರ್ (ಎಳೆ ಮರಿಗಳ ಸಿದ್ಧ ಮೇವು). ಬರೀ ಅಕ್ಕಿ ನುಚ್ಚು, ರಾಗಿ ಹಾಕಿ ಬೆಳೆಸಲು ಹೋಗಬೇಡಿ, ಪ್ರೋಟೀನ್, ವಿಟಮಿನ್ ಎರಡೂ ಸಾಲದೆ ಎರಡನೇ ವಾರಕ್ಕೆ ಬೆರಳು ಮುದುಡಲು ಶುರುವಾಗುತ್ತೆ.

ಕಾವು: ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಬಲ್ಬ್ ಒಂದು ಮೂಲೆಯಲ್ಲಿರಲಿ, ಬಿಸಿಯಾದರೆ ಮರಿ ದೂರ ಹೋಗಲು ಜಾಗ ಬೇಕು. ಗುಂಪುಗೂಡಿ ಚೀಂಗುಟ್ಟಿದರೆ ಚಳಿ, ರೆಕ್ಕೆ ಬಿಚ್ಚಿ ಬಾಯಿ ತೆರೆದರೆ ಸೆಕೆ. ಹಿಂಬದಿಗೆ ಹಿಕ್ಕೆ ಅಂಟಿ ಗಟ್ಟಿಯಾಗಿದೆಯಾ ಅಂತ ದಿನಾ ನೋಡಿ. ಇದ್ದರೆ ಬಿಸಿನೀರಿನ ಹತ್ತಿಯಲ್ಲಿ ನೆನೆಸಿ ಒರೆಸಿ, ಒಣಗಿಸಿ. ಕಿತ್ತರೆ ಚರ್ಮ ಬರುತ್ತೆ.

ಲಸಿಕೆ ಮರೆಯಬೇಡಿ. 5ರಿಂದ 7ನೇ ದಿನದೊಳಗೆ ರಾಣಿಖೇತ್ ರೋಗಕ್ಕೆ ಕಣ್ಣು ಅಥವಾ ಮೂಗಿಗೆ ಒಂದು ಹನಿ, 14ನೇ ದಿನದ ಹೊತ್ತಿಗೆ ಗಂಬೋರೊ ರೋಗದ್ದು. ಒಂದು ಸೀಸೆಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತೆ, ತೆರೆದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಪಶು ಆಸ್ಪತ್ರೆಯಲ್ಲಿ ಯಾವ ದಿನ ಹಾಕುತ್ತಾರೆಂದು ಕೇಳಿ, ಅಥವಾ ಅಕ್ಕಪಕ್ಕದವರ ಮರಿ ಜೊತೆ ಸೇರಿಸಿ ಹಾಕಿಸಿ.

---

ತೀರ್ಥಹಳ್ಳಿ_ನಾಟಿ | ಸಂಜೆ 6:15

ತುಂಬಾ ಉಪಕಾರವಾಯಿತು. ಅಗಲ ತುದಿಯದ್ದು ಮಧ್ಯಾಹ್ನ ಎರಡಕ್ಕೆ ತಾನಾಗಿಯೇ ಬಂತು. ಚೂಪು ತುದಿಯದ್ದಕ್ಕೆ ನಾಲ್ಕೂವರೆಗೆ ಎಣ್ಣೆ ಸವರಿ ನೋಡಿದರೆ ಕೆಂಪು ನಾಳ ಇತ್ತು, ಮತ್ತೆ ಒಳಗಿಟ್ಟಿದ್ದೇನೆ. ಕಾಲು ಕಟ್ಟಿದ ಮರಿ ಲೋಟದಲ್ಲಿ ಕೂತಿದೆ.

ಎರಡು ಪ್ರಶ್ನೆ. ಹೊಸ ಮರಿಯ ಕುತ್ತಿಗೆ ಹಿಂದಕ್ಕೆ ತಿರುಚಿ ಆಕಾಶ ನೋಡುತ್ತಿದೆ. ಇನ್ನೊಂದು, ಖಾಲಿ ಇದ್ದ 9 ಮೊಟ್ಟೆ ಇನ್ನೂ ಇಟ್ಟಿದ್ದೇನೆ. ಕಳಿಸಿದವರು ಹುಂಜ ಇಲ್ಲದ ಮೊಟ್ಟೆ ಕೊಟ್ಟರೋ, ದಾರಿಯಲ್ಲಿ ಹಾಳಾದವೋ, ಹೇಗೆ ತಿಳಿಯುವುದು?

---

ಪಶುಆರೈಕೆ | ಸಂಜೆ 6:40

ಕುತ್ತಿಗೆ ತಿರುಚುವುದಕ್ಕೆ ಮೊಟ್ಟೆಯೊಳಗೆ ಇಕ್ಕಟ್ಟಾಗಿ ಕೂತದ್ದು ಒಂದು ಕಾರಣ, ತಾಯಿಕೋಳಿಗೆ ವಿಟಮಿನ್ ಇ ಅಥವಾ ಬಿ1 ಕಡಿಮೆಯಾದದ್ದು ಇನ್ನೊಂದು. ಎವಿಯಾನ್ 400 (ವಿಟಮಿನ್ ಇ) ಕ್ಯಾಪ್ಸೂಲನ್ನು ಸೂಜಿಯಿಂದ ಚುಚ್ಚಿ ಒಂದೆರಡು ಹನಿ ಕೊಕ್ಕಿನ ಪಕ್ಕಕ್ಕೆ, ದಿನಕ್ಕೆ ಎರಡು ಸಲ. ಬಿ-ಕಾಂಪ್ಲೆಕ್ಸ್ ಸಿರಪ್ ಒಂದು ಹನಿ. ವಿಟಮಿನ್ ಇ ಕೆಲಸ ಮಾಡಲು ಸೆಲೆನಿಯಂ ಬೇಕು, ಆದರೆ ಅದರ ಔಷಧಿ ಸ್ವಲ್ಪ ಹೆಚ್ಚಾದರೂ ವಿಷ. ಬೇಯಿಸಿದ ಮೊಟ್ಟೆಯ ಹಳದಿಯನ್ನು ನಾಳೆಯಿಂದ ಚಿಟಿಕೆ ಕೊಡಿ, ಅದರಲ್ಲೇ ಇರುತ್ತೆ. ತಲೆ ಕೆಳಗೆ ಬೀಳದ ಹಾಗೆ ಬಟ್ಟೆಯ ಸಿಂಬಿ ಮಾಡಿ ನಡುವೆ ಕೂರಿಸಿ. ಗಂಟೆಗೊಮ್ಮೆ ನೀವೇ ಕೊಕ್ಕಿಗೆ ನೀರು ತಾಗಿಸಬೇಕು, ಅದಕ್ಕೆ ತಾನಾಗಿ ಕುಡಿಯಲು ಬರಲ್ಲ. ಐದಾರು ದಿನದಲ್ಲಿ ನೆಟ್ಟಗಾಗುತ್ತಾ ಬರಬೇಕು. ಒಂದು ದಿನ ಸರಿಹೋಯಿತು ಅಂತ ನಿಲ್ಲಿಸಬೇಡಿ, ಮತ್ತೆ ತಿರುಚುತ್ತೆ.

---

ಕಾವುಬುಟ್ಟಿ | ಸಂಜೆ 7:00

ಖಾಲಿ ಮೊಟ್ಟೆಗಳನ್ನು ಒಂದೊಂದಾಗಿ ಬಿಳಿ ತಟ್ಟೆಗೆ ಒಡೆದು ಹಳದಿಯ ಮೇಲಿನ ಚುಕ್ಕೆ ನೋಡಿ. ಮೂರು ವಾರ ಕಾವಿನಲ್ಲಿದ್ದರೆ ನೀರಾಗಿ ಏನೂ ತಿಳಿಯಲ್ಲ, 7ನೇ ದಿನ ತೆಗೆದದ್ದಾದರೆ ಬಹಳಷ್ಟರಲ್ಲಿ ತಿಳಿಯುತ್ತೆ. ಸಣ್ಣ, ಗಟ್ಟಿ ಬಿಳಿ ಚುಕ್ಕೆ, ಅಂಚು ಒರಟು: ಹುಂಜ ಸೇರಿಲ್ಲ. ಮೂರು ನಾಲ್ಕು ಮಿಲಿಮೀಟರಿನ ದುಂಡನೆ ಬಳೆ, ಅಥವಾ ಅದು ಹರಡಿ ಮಸುಕಾದ ಬಿಳಿ ತೇಪೆ: ಬೀಜದ ಮೊಟ್ಟೆ (ಹುಂಜ ಸೇರಿದ್ದು) ಸರಿ ಇತ್ತು, ದಾರಿಯ ಬಿಸಿಗೆ ಅಥವಾ ಹಳೆಯದಾದ್ದಕ್ಕೆ ಮೊದಲೇ ಸತ್ತಿದೆ. ಮೊಟ್ಟೆ 27 ಡಿಗ್ರಿ ದಾಟಿದರೆ ಭ್ರೂಣ ಅರೆಬರೆ ಬೆಳೆಯಲು ಶುರುಮಾಡುತ್ತೆ, ರಾತ್ರಿ ತಣ್ಣಗಾದಾಗ ನಿಲ್ಲುತ್ತೆ. ಹೀಗೆ ಎರಡು ಸಲ ಆದರೆ ಉಳಿಯಲ್ಲ. ನಿಮ್ಮ 4 ರಕ್ತದ ಉಂಗುರ ಕಾವಿಗೆ ಇಟ್ಟ ಮೇಲೆ ಮೊದಲ ಕೆಲವು ದಿನದಲ್ಲೇ ಸತ್ತವು, ಅವು ಬೀಜದ ಮೊಟ್ಟೆ ಅನ್ನುವುದಂತೂ ಖಚಿತ. ಒಡೆದು ಫೋಟೊ ತೆಗೆದು ಕಳಿಸಿದವರಿಗೆ ಕಳಿಸಿ, ಜಗಳವಿಲ್ಲದೆ ಮಾತು ಮುಗಿಯುತ್ತೆ.

ಮುಂದಿನ ಸಲ ತರಿಸುವಾಗ ಮೂರು ಷರತ್ತು ಹಾಕಿ. ಇಟ್ಟು 3 ದಿನ ದಾಟದ ಮೊಟ್ಟೆ, ಪ್ರಯಾಣ ಮತ್ತು ವಿಶ್ರಾಂತಿ ಸೇರಿ ವಾರದೊಳಗೆ ಕಾವಿಗೆ ಕೂರಬೇಕು. ಪ್ರತಿ ಮೊಟ್ಟೆಗೆ ಕಾಗದ ಸುತ್ತಿ, ಚೂಪು ತುದಿ ಕೆಳಗೆ ಮಾಡಿ, ರಟ್ಟಿನ ಪೆಟ್ಟಿಗೆಯ ತಳಕ್ಕೂ ಬದಿಗೂ ಮೇಲಕ್ಕೂ ನಾಲ್ಕು ಬೆರಳು ಭತ್ತದ ಹೊಟ್ಟು ತುಂಬಿರಬೇಕು. ಮುಚ್ಚಿ ಅಲುಗಿಸಿದರೆ ಒಳಗೆ ಸದ್ದು ಬರಬಾರದು. ಮತ್ತೆ, ರಾತ್ರಿ ಬಸ್ಸು, ಸಾಧ್ಯವಾದರೆ ಒಂದೇ ಬಸ್ಸು. ಮಧ್ಯಾಹ್ನ ಡಿಕ್ಕಿಯೊಳಗಿನ ಬಿಸಿಗೆ ಯಾವ ಪ್ಯಾಕಿಂಗೂ ತಡೆಯಲ್ಲ. ಇಷ್ಟೆಲ್ಲ ಮಾಡಿಯೂ ದೂರದಿಂದ ಬಂದ ಮೊಟ್ಟೆಯಲ್ಲಿ ಅರ್ಧ ಮರಿಯಾದರೆ ಒಳ್ಳೆಯ ಫಲ ಅಂತಲೇ ತಿಳಿಯಿರಿ.

ಚೂಪು ತುದಿಯದ್ದನ್ನು ರಾತ್ರಿ ಹತ್ತಕ್ಕೆ ಇನ್ನೊಮ್ಮೆ ನೋಡಿ ಬರೆಯಿರಿ, ನಾನು ಎದ್ದಿರುತ್ತೇನೆ. ಸದ್ದಿಲ್ಲದ ಐದನ್ನು ನಾಳೆ ಬೆಳಗ್ಗೆ ಬಟ್ಟಲಿನ ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಸಿ ನೋಡುವ ಯೋಚನೆ ಇದ್ದರೆ ಬಿಡಿ, ಕಣ್ಣಿಗೆ ಕಾಣದ ಬಿರುಕಿನಿಂದ ನೀರು ಒಳಗೆ ಹೋಗುತ್ತೆ. ಟಾರ್ಚ್ ಹಿಡಿದು ಗಾಳಿ ಕೋಶದೊಳಗೆ ಕೊಕ್ಕಿನ ನೆರಳು ಅಲುಗುತ್ತಾ ನೋಡಿ. 24ನೇ ದಿನದವರೆಗೆ ಕಾಯಿರಿ, ನಿಮ್ಮ ಪೆಟ್ಟಿಗೆಯ ಕಾವು ಕಡಿಮೆ ಇದ್ದುದರಿಂದ ಇನ್ನೂ ಒಂದೆರಡು ಬರಬಹುದು.

---

ತೀರ್ಥಹಳ್ಳಿ_ನಾಟಿ | ರಾತ್ರಿ 10:25

ನಾಳ ಬತ್ತಿದೆ, ಪೊರೆ ಪೂರ್ತಿ ಬಿಳಿ. ಅಗಲ ತುದಿ ಇದಕ್ಕೆ ಕೆಳಗಿದೆ, ಹಾಗಾದರೆ ಟೋಪಿ ಚೂಪು ತುದಿಯಲ್ಲೇ ತೆಗೆಯಬೇಕಾ?

---

ಕಾವುಬುಟ್ಟಿ | ರಾತ್ರಿ 10:28

ಹೌದು, ತಲೆ ಎಲ್ಲಿದೆಯೋ ಅಲ್ಲೇ. ಕೊಕ್ಕು ಹೊರಗೆ ಬಂದು, ತಲೆ ಬಿಡಿಸಿಕೊಂಡ ಮೇಲೆ ಕೈ ತೆಗೆಯಿರಿ. ಉಳಿದ ಚಿಪ್ಪಿನ ಸಮೇತ ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಮುಚ್ಚಳ ಹಾಕಿ. ಬೆಳಗ್ಗೆಯವರೆಗೆ ತೆರೆಯಬೇಡಿ.